ವೀರಗಲ್ಲನ್ನು ಕೆಳಗಿನಿಂದ ಓದಬೇಕು

ಶಿವಮೊಗ್ಗದಿಂದ ಸಾಗರದ ಹೆದ್ದಾರಿ ಹಿಡಿದು ಸುಮಾರು 20 ಕಿಲೋಮೀಟರ್ ಹೋದರೆ ಆಯನೂರು. ಹೋಬಳಿ ಕೇಂದ್ರ, ಊರಾಗಿ ದೊಡ್ಡದಲ್ಲ, ಆದರೆ ರಸ್ತೆಗಳು ಕೂಡುವ ಜಾಗ. ಒಂದು ದಾರಿ ಕುಂಸಿ, ಆನಂದಪುರದ ಮೇಲೆ ಸಾಗರಕ್ಕೆ ಹೋಗುತ್ತದೆ. ಇನ್ನೊಂದು ಅರಸಾಳು, ರಿಪ್ಪನ್‌ಪೇಟೆ ದಾಟಿ ಹೊಸನಗರದ ಕಡೆ ತಿರುಗುತ್ತದೆ. ಮತ್ತೊಂದು ಕಾಡಿನ ನಡುವೆ ಹಣಗೆರೆಕಟ್ಟೆಗೆ. ಅಲ್ಲಿ ದರ್ಗಾ ಮತ್ತು ಭೂತರಾಯ ಚೌಡೇಶ್ವರಿಯ ಗುಡಿ ಒಂದೇ ಸೂರಿನಡಿ ಇವೆ. ಹರಕೆ ಹೊತ್ತವರು ಎರಡೂ ಕಡೆ ಕೈಮುಗಿದು ಬರುತ್ತಾರೆ.

ಈ ಊರಿನ ಏಳನೇ ಕ್ಲಾಸಿನ ಮಗುವಿನ ಚೀಲದಲ್ಲಿ ಸಮಾಜ ವಿಜ್ಞಾನದ ಪುಸ್ತಕವಿದೆ. ಕದಂಬರು, ಕೆಳದಿಯ ಅರಸರು, ಸ್ವಾತಂತ್ರ್ಯ ಹೋರಾಟ ಎಲ್ಲವನ್ನೂ ಶಾಲೆಯಲ್ಲಿ ಆ ಮಗು ಓದಲೇಬೇಕು. ಅವೆಲ್ಲ ನಡೆದ ಜಾಗಗಳಲ್ಲಿ ಹಲವು ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆ ಸೇರುವಷ್ಟು ಹತ್ತಿರದಲ್ಲಿವೆ. ಆದರೂ ನಮ್ಮ ಮಕ್ಕಳಿಗೆ ಇತಿಹಾಸವೆಂದರೆ ಇಸವಿ ಉರು ಹೊಡೆಯುವ ವಿಷಯ. ಶಾಲೆಯ ವಾರ್ಷಿಕ ಪ್ರವಾಸ ಬಂತೆಂದರೆ ಮೈಸೂರು, ಬೆಂಗಳೂರು ಎನ್ನುವುದೇ ರೂಢಿ. ಮೈಸೂರು ನೋಡಬೇಕಾದ ಊರೇ. ಆದರೆ ಆರರಿಂದ ಎಂಟನೇ ತರಗತಿಯವರೆಗಿನ ವಯಸ್ಸಿನಲ್ಲಿ ಮಗುವಿಗೆ ಮೊದಲು ಸಿಗಬೇಕಾದ ಇತಿಹಾಸ ಮನೆಯ ಹತ್ತಿರದ್ದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆ ಮೂರು ವರ್ಷಗಳಲ್ಲೇ ಈ ವಿಷಯ ಹಿಡಿಸಬೇಕು. ಆಗ ಹಿಡಿಸದಿದ್ದರೆ ಆಮೇಲೆ ಹಿಡಿಸುವುದು ಕಷ್ಟ.

ಮೊದಲು ಹೋಗಬೇಕಾದದ್ದು ಶಿವಮೊಗ್ಗದ ಕೋಟೆ ಪ್ರದೇಶಕ್ಕೆ. ತುಂಗೆಯ ದಡಕ್ಕೆ ಹತ್ತಿರ ಕೆಳದಿಯ ಅರಸ ಶಿವಪ್ಪನಾಯಕನ ಅರಮನೆ ಇದೆ. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಎರಡಂತಸ್ತಿನ ಕಟ್ಟಡ, ಮಗುವಿನ ಎರಡು ತೋಳಿಗೆ ಸಿಗದಷ್ಟು ದಪ್ಪದ ಮರದ ಕಂಬಗಳು, ಒಳಗೆ ದರ್ಬಾರು ಹಜಾರ. ಮಕ್ಕಳು ಸಾಮಾನ್ಯವಾಗಿ ಹಜಾರಕ್ಕೆ ಓಡುತ್ತಾರೆ, ಸಿಂಹಾಸನ ಎಲ್ಲಿತ್ತು ಎಂದು ಕೇಳುತ್ತಾರೆ. ಅವರನ್ನು ಅಲ್ಲಿಂದ ಎಬ್ಬಿಸಿ ಅಂಗಳಕ್ಕೆ ಕರೆದುಕೊಂಡು ಬರಬೇಕು. ಈ ಸಂಗ್ರಹಾಲಯದ ನಿಜವಾದ ಪಾಠ ಹೊರಗೆ ಹುಲ್ಲಿನ ಮೇಲೆ ಸಾಲಾಗಿ ನಿಂತಿರುವ ಕಲ್ಲುಗಳಲ್ಲಿದೆ.

ಅವುಗಳಲ್ಲಿ ವೀರಗಲ್ಲುಗಳಿವೆ. ಒಂದರ ಮುಂದೆ ನಿಲ್ಲಿಸಿ ಏನು ಕಾಣುತ್ತದೆ ಎಂದು ಕೇಳಿದರೆ ಮಕ್ಕಳು ಪುಸ್ತಕ ಓದುವ ಅಭ್ಯಾಸದಲ್ಲಿ ಮೇಲಿನಿಂದ ಶುರುಮಾಡುತ್ತಾರೆ. ಮೇಲೆ ಶಿವಲಿಂಗ, ಪಕ್ಕದಲ್ಲಿ ಪೂಜಾರಿ, ನಂದಿ, ಎರಡು ಮೂಲೆಗೆ ಸೂರ್ಯ ಚಂದ್ರ. ಅದರ ಕೆಳಗೆ ಇಬ್ಬರು ಹೆಂಗಸರು ಒಬ್ಬ ಗಂಡಸನ್ನು ಹೊತ್ತುಕೊಂಡಿದ್ದಾರೆ. ಅದರ ಕೆಳಗೆ ಬಿಲ್ಲು, ಕತ್ತಿ, ಬಿದ್ದವರು. ಕತೆ ತಿರುಗುಮುರುಗು. ಆಗ ಮೇಷ್ಟ್ರು ಹೇಳಬೇಕು: ಇದನ್ನು ಕೆಳಗಿನಿಂದ ಓದಬೇಕು ಕಣ್ರೋ. ಕೆಳಗಿನ ಪಟ್ಟಿಕೆಯಲ್ಲಿ ಅವನು ಹೋರಾಡಿ ಸತ್ತ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋದರು. ಮೇಲಿನದರಲ್ಲಿ ಅವನು ಕೈಲಾಸ ಸೇರಿದ. ಸೂರ್ಯ ಚಂದ್ರರಿರುವ ತನಕ ಅವನ ಹೆಸರು ಉಳಿಯಲಿ ಎಂದು ಅವೆರಡನ್ನೂ ಕೆತ್ತಿದ್ದಾರೆ. ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲು ಇದ್ದರೆ ಅದು ತುರುಗೋಳು: ಪಕ್ಕದೂರಿನವರು ದನ ಹೊಡೆದುಕೊಂಡು ಹೋಗಲು ಬಂದಾಗ ತಡೆಯಲು ಹೋಗಿ ಸತ್ತವನ ಕಲ್ಲು. ಅಂಥವನು ರಾಜನಾಗಿರಲಿಲ್ಲ. ಯಾವುದೋ ಹಳ್ಳಿಯ ಮನೆಯ ಮಗ. ಕೊಟ್ಟಿಗೆಯಲ್ಲಿ ದನವಿರುವ ಮನೆಯಿಂದ ಬಂದ ಮಗುವಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ಪಕ್ಕದಲ್ಲೇ ಮಾಸ್ತಿಗಲ್ಲು ಸಿಗುತ್ತದೆ. ಕಂಬದಿಂದ ಹೊರಚಾಚಿದ ಒಂದು ತೋಳು, ಮೊಣಕೈಯಲ್ಲಿ ಮಡಿಚಿ ಮೇಲೆತ್ತಿದ ಅಂಗೈ, ಕೈತುಂಬ ಬಳೆ. ಗಂಡನ ಚಿತೆಯೇರಿದವಳ ಗುರುತು. ಹೆಣ್ಣುಮಕ್ಕಳು ಇಲ್ಲಿ ಪ್ರಶ್ನೆ ಕೇಳುತ್ತಾರೆ, ಕೇಳಲೇಬೇಕು: ಅವಳಾಗಿಯೇ ಹೋದಳಾ, ಕಳಿಸಿದರಾ? ಕಲ್ಲು ಅದನ್ನು ಹೇಳುವುದಿಲ್ಲ. ಕಲ್ಲು ನಿಲ್ಲಿಸಿದವರ ಮಾತು ಮಾತ್ರ ನಮಗೆ ಉಳಿದಿದೆ, ಅವಳ ಮಾತು ಉಳಿದಿಲ್ಲ ಎಂದು ಮಕ್ಕಳಿಗೆ ನೇರವಾಗಿ ಹೇಳುವ ಶಿಕ್ಷಕರು ಇತಿಹಾಸದ ದೊಡ್ಡ ಪಾಠವೊಂದನ್ನು ಹೇಳಿಕೊಟ್ಟಂತೆ.

ಕಟ್ಟಡವೂ ಒಂದು ಪಾಠವೇ. ಊರೆಲ್ಲ ಇದನ್ನು ಶಿವಪ್ಪನಾಯಕನ ಅರಮನೆ ಎನ್ನುತ್ತದೆ. ಆದರೆ ಈಗ ನಿಂತಿರುವ ಕಟ್ಟಡ 18ನೇ ಶತಮಾನದಲ್ಲಿ, ಹೈದರಾಲಿಯ ಕಾಲದಲ್ಲಿ ಕಟ್ಟಿದ್ದು ಎಂಬ ಅಭಿಪ್ರಾಯವಿದೆ. ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ. ಹೈದರ್ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದದ್ದು 1763ರಲ್ಲಿ. ಜನ ಕರೆಯುವ ಹೆಸರು ಬೇರೆ, ಪುರಾವೆ ಬೇರೆ ಎಂದು ಹನ್ನೆರಡು ವರ್ಷದ ಮಗು ತಿಳಿದರೆ ಮುಂದೆ ಅದು ಯಾವ ಸುದ್ದಿಯನ್ನೂ ಹಾಗೆಯೇ ನುಂಗುವುದಿಲ್ಲ.

ಶಿವಪ್ಪನಾಯಕನ ಹೆಸರು ಮಾತ್ರ ಈ ನಾಡಿನಲ್ಲಿ ಗಟ್ಟಿಯಾಗಿ ಕೂತದ್ದು ಅರಮನೆಯಿಂದಲ್ಲ, ಶಿಸ್ತಿನಿಂದ. ಇಲ್ಲಿ ಶಿಸ್ತು ಎಂದರೆ ಕಂದಾಯದ ನಿಗದಿ. ಅದು ಹೇಗೆ ನಡೆಯಿತೆಂದು ಬಿ.ಎಲ್. ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ಬರೆದಿದ್ದಾರೆ. ಪ್ರತಿ ಊರಿನಲ್ಲಿ ಒಂದೊಂದು ಬಗೆಯ ಜಮೀನನ್ನು ಆರಿಸಿ, 12 ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ಖರ್ಚೆಷ್ಟು, ಬೆಳೆದದ್ದೆಷ್ಟು, ಅದಕ್ಕೆ ಸಿಕ್ಕ ಬೆಲೆಯೆಷ್ಟು ಎಂದು ಬರೆದಿಡಲಾಯಿತು. ಅದರ ಸರಾಸರಿ ತೆಗೆದು, ಹುಟ್ಟುವಳಿಯ ಮೂರನೇ ಒಂದು ಪಾಲನ್ನು ಅರಮನೆಯ ಪಾಲೆಂದು ಗೊತ್ತುಮಾಡಲಾಯಿತು. ಹನ್ನೆರಡು ವರ್ಷವೇಕೆ? ಒಂದು ವರ್ಷ ಮಳೆ ಹೆಚ್ಚು, ಒಂದು ವರ್ಷ ಕಡಿಮೆ, ಒಂದು ವರ್ಷ ಕೊಳೆರೋಗ. ಒಂದೇ ವರ್ಷದ ಲೆಕ್ಕ ಹಿಡಿದರೆ ರೈತನಿಗೆ ಅನ್ಯಾಯವಾಗಬಹುದು. ಇದನ್ನು ಅಡಿಕೆ, ಭತ್ತ ಬೆಳೆಯುವ ಮನೆಯ ಮಕ್ಕಳಿಗೆ ವಿವರಿಸಬೇಕಾಗಿಲ್ಲ, ಅವರೇ ಹೇಳುತ್ತಾರೆ. ಅದೇ ವಾರ ಗಣಿತದ ಪೀರಿಯಡ್ಡಿನಲ್ಲಿ ಸರಾಸರಿ ಪಾಠವಿದ್ದರೆ, ಮಕ್ಕಳು ತಮ್ಮ ಮನೆಯ ಐದು ವರ್ಷದ ಫಸಲು ಕೇಳಿಕೊಂಡು ಬಂದು ಶಿಸ್ತು ಹಾಕಲಿ. ಆಗ ಶಿವಪ್ಪನಾಯಕನ ಅಧಿಕಾರಿಗಳು ಪಟ್ಟ ಪಾಡೂ ಗೊತ್ತಾಗುತ್ತದೆ, ಗಣಿತವೂ ಬರುತ್ತದೆ.

ಕೆಳದಿ ಚೆನ್ನಮ್ಮನ ಕತೆಯನ್ನು ಹೇಳದೆಯೇ ಮಕ್ಕಳು ಬಲ್ಲರು. ಪ್ರತಿಭಾ ಕಾರಂಜಿಯ ಛದ್ಮವೇಷದಲ್ಲಿ ರಟ್ಟಿನ ಕತ್ತಿ ಹಿಡಿದು, ಅಮ್ಮನ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ವೇದಿಕೆಯ ಮೇಲೆ ಮಾತು ಮರೆತು ನಿಂತ ಚೆನ್ನಮ್ಮಂದಿರು ಮಲೆನಾಡಿನ ಶಾಲೆಗಳಲ್ಲಿ ಎಷ್ಟೋ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರುಹಾಕಿಕೊಂಡವಳು ಅವಳು. ಸಾಗರದ ದಾರಿಯಲ್ಲಿ ಮುಂದೆ ಹೋದರೆ ಇಕ್ಕೇರಿಯ ಅಘೋರೇಶ್ವರ ದೇವಾಲಯ, ಕೆಳದಿಯ ರಾಮೇಶ್ವರ ದೇವಾಲಯ, ಕೆಳದಿ ಗುಂಡಾ ಜೋಯಿಸರ ಬದುಕಿನ ದುಡಿಮೆಯಿಂದ ಬೆಳೆದ ಅಲ್ಲಿನ ವಸ್ತುಸಂಗ್ರಹಾಲಯ. ತಾಳೆಗರಿ, ಕಡತ, ಹಳೆಯ ನಾಣ್ಯಗಳನ್ನು ಹತ್ತಿರದಿಂದ ಕಾಣಲು ಅದಕ್ಕಿಂತ ಒಳ್ಳೆಯ ಜಾಗ ಈ ಸುತ್ತಿನಲ್ಲಿ ಇನ್ನೊಂದಿಲ್ಲ.

ಶಿಕಾರಿಪುರ ತಾಲ್ಲೂಕಿನಲ್ಲಿ ತಾಳಗುಂದವಿದೆ. ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲೆ ಕುಬ್ಜನೆಂಬ ಕವಿ ಐದನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಶಾಸನ ಕದಂಬರ ಹುಟ್ಟನ್ನು ಹೇಳುತ್ತದೆ. ಮಕ್ಕಳಿಗೆ ಇದನ್ನು ರಾಜನ ಕತೆಯೆಂದು ಹೇಳುವುದಕ್ಕಿಂತ ವಿದ್ಯಾರ್ಥಿಯ ಕತೆಯೆಂದು ಹೇಳುವುದು ಮೇಲು. ಮಯೂರಶರ್ಮ ಗುರು ವೀರಶರ್ಮನ ಜೊತೆ ಓದಲೆಂದು ಕಂಚಿಯ ಘಟಿಕೆಗೆ ಹೋದವನು. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನಿಂದ ಜಗಳ ಹುಟ್ಟಿತು. ಅವಮಾನ ತಾಳಲಾರದೆ ಪುಸ್ತಕ ಬಿಟ್ಟು ಕತ್ತಿ ಹಿಡಿದ, ಕಾಡು ಸೇರಿ ಬಲ ಕೂಡಿಸಿದ, ಕೊನೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪಿಕೊಂಡರು. ಅದೇ ಊರಿನ ಉತ್ಖನನದಲ್ಲಿ ಸಿಕ್ಕ ಸಿಂಹ ಕಟಾಂಜನದ ಮೇಲಿನ ಬರಹವನ್ನು ಕ್ರಿ.ಶ. 370ರ ಸುಮಾರಿನದೆಂದು ಗುರುತಿಸಿದ್ದಾರೆ. ಹಲ್ಮಿಡಿ ಶಾಸನಕ್ಕಿಂತ ಹಳೆಯ ಕನ್ನಡ. ಅಲ್ಲಿಂದ ಬಳ್ಳಿಗಾವಿ ದೂರವಿಲ್ಲ. ಅಲ್ಲಿನ ಕೋಡಿಯ ಮಠದ 1162ರ ಶಾಸನ ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕ ಕಲಿಸುತ್ತಿದ್ದುದನ್ನು ಹೇಳುತ್ತದೆ. ಬಡವರಿಗೆ, ಕುಂಟರಿಗೆ, ಕುರುಡರಿಗೆ ಊಟವಿತ್ತು, ರೋಗಿಗಳಿಗೆ ಮದ್ದಿತ್ತು ಎಂದೂ ಹೇಳುತ್ತದೆ. ಬಿಸಿಯೂಟದ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವ ಮಕ್ಕಳಿಗೆ ಹೇಳಲೇಬೇಕಾದ ಶಾಸನ ಇದು.

ಅದೇ ತಾಲ್ಲೂಕಿನ ಈಸೂರನ್ನು ಮಾತ್ರ ಅವಸರದಲ್ಲಿ ನೋಡಿ ಬರಬಾರದು. 1942ರಲ್ಲಿ, ಕ್ವಿಟ್ ಇಂಡಿಯಾ ಚಳವಳಿಯ ಬಿಸಿಯಲ್ಲಿ, ಈ ಹಳ್ಳಿ ತಾನು ಸ್ವತಂತ್ರವೆಂದು ಸಾರಿಕೊಂಡಿತು. ವೀರಭದ್ರ ದೇವಾಲಯದ ಮೇಲೆ ಬಾವುಟ ಹಾರಿಸಿದರು, ತಮ್ಮದೇ ಸರ್ಕಾರ ಮಾಡಿಕೊಂಡರು. ಆ ಸರ್ಕಾರದ ಅಮಲ್ದಾರನೂ ಸಬ್ ಇನ್ಸ್‌ಪೆಕ್ಟರನೂ ಇಬ್ಬರು ಹುಡುಗರು. ಚಿಕ್ಕವರನ್ನು ಜೈಲಿಗೆ ಹಾಕಲಾರರು ಎಂಬ ಲೆಕ್ಕ ಊರಿನವರದ್ದು. ತರಗತಿಯಲ್ಲಿ ಇದನ್ನು ಹೇಳಿದ ಕೂಡಲೇ ಹಿಂದಿನ ಬೆಂಚಿನವರೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ: ಸಾರ್, ನಾವೇ ಅಮಲ್ದಾರ್ ಆದ್ರೆ ಏನು ಆರ್ಡರ್ ಹಾಕ್ಬಹುದಿತ್ತು?

ಉತ್ಸಾಹ ಅಲ್ಲಿಗೇ ನಿಂತರೆ ಪಾಠ ಅರ್ಧವಾದಂತೆ. ಸೆಪ್ಟೆಂಬರ್ ಕೊನೆಯಲ್ಲಿ ಅಧಿಕಾರಿಗಳು ಪೊಲೀಸರೊಂದಿಗೆ ಊರಿಗೆ ಬಂದಾಗ ಘರ್ಷಣೆಯಾಯಿತು. ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಜನರ ಕೈಯಲ್ಲಿ ಸತ್ತರು. ಆಮೇಲೆ ಊರಿನ ಮೇಲೆ ಬಿದ್ದ ಪೆಟ್ಟು ದೊಡ್ಡದು. ಮನೆಗಳು ಹಾಳಾದವು, ಜನ ಕಾಡು ಸೇರಿದರು, ಹೆಂಗಸರೂ ಜೈಲಿಗೆ ಹೋದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರನ್ನು ಬೆಂಗಳೂರಿನಲ್ಲಿ ಗಲ್ಲಿಗೇರಿಸಲಾಯಿತು. ಸತ್ತ ಅಧಿಕಾರಿಗಳೂ ಕನ್ನಡಿಗರೇ, ಅವರಿಗೂ ಮನೆಯಿತ್ತು ಎಂಬುದನ್ನು ಮಕ್ಕಳಿಗೆ ಹೇಳಿದರೆ ಹುತಾತ್ಮರ ದೊಡ್ಡತನ ಕಡಿಮೆಯಾಗುವುದಿಲ್ಲ. ಸ್ವಾತಂತ್ರ್ಯಕ್ಕೆ ತೆತ್ತ ಬೆಲೆ ಎಂಥದ್ದೆಂದು ಆಗಲೇ ಪೂರ್ತಿ ತಿಳಿಯುವುದು.

ಹೊಸನಗರದ ದಾರಿಯ ಅರಸಾಳು ರೈಲು ನಿಲ್ದಾಣ ಮಕ್ಕಳ ಅಚ್ಚುಮೆಚ್ಚು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಬಳಸಿಕೊಂಡ ಹಳೆಯ ಕಟ್ಟಡವನ್ನು ರೈಲ್ವೆ ಇಲಾಖೆ ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಗಿ ತೆರೆಯಿತು. ಅಲ್ಲಿಂದ ಮುಂದೆ ಸಾಂತರರ ಹುಂಚ, ಅದರ 11ನೇ ಶತಮಾನದ ಪಂಚಕೂಟ ಬಸದಿ. ಇನ್ನೂ ಮುಂದೆ ನಗರದ, ಅಂದರೆ ಹಳೆಯ ಬಿದನೂರಿನ, ಕೋಟೆ.

ಇಷ್ಟೆಲ್ಲ ಹೇಳಿದ ಮೇಲೂ, ಬಸ್ಸೇ ಬೇಡದ ಇತಿಹಾಸವೊಂದು ಉಳಿಯುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರುಗಳು ನೀರಿನಡಿ ಹೋದವು. ಅದಕ್ಕೂ ಮೊದಲು ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೇ ಅದರಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಈಗಲೂ ತಲೆಯೆತ್ತುತ್ತದೆ. ನಾಡಿಗೆ ಬೆಳಕು ಕೊಟ್ಟವರು ತಾವು ಗಂಟುಮೂಟೆ ಕಟ್ಟಿ ಜಿಲ್ಲೆಯ ನಾನಾ ಕಡೆ, ಶಿವಮೊಗ್ಗ ತಾಲ್ಲೂಕಿನ ಕಾಡಂಚಿಗೂ ಬಂದು ನೆಲೆಸಿದರು. ಹಕ್ಕುಪತ್ರದ ಗೋಳು ಇನ್ನೂ ಮುಗಿದಿಲ್ಲ. ಅದಕ್ಕೂ ಹಿಂದೆ, 1951ರಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಿದ್ದರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಜಗಳದ ಮೂಲದಲ್ಲಿತ್ತು. ಎಚ್. ಗಣಪತಿಯಪ್ಪ ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು. ಮುಂದೆ ಉಳುವವನೇ ಹೊಲದೊಡೆಯ ಎಂಬ ಕಾನೂನು ಬರುವುದರ ಹಿಂದೆ ಈ ಕೊಳಗವಿದೆ.

ಈ ಎರಡನ್ನೂ ಕಂಡ ಅಜ್ಜ ಅಜ್ಜಿಯರು ಈಗ ಕೆಲವೇ ಮನೆಗಳಲ್ಲಿ ಉಳಿದಿದ್ದಾರೆ. ಮುಳುಗಡೆಯಾದಾಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಆದ್ದರಿಂದ ಈ ದಸರಾ ರಜೆಗೆ ಪ್ರಾಜೆಕ್ಟ್ ಕೊಡುವ ಸಮಾಜ ವಿಜ್ಞಾನದ ಶಿಕ್ಷಕರಲ್ಲಿ ಒಂದು ಕೋರಿಕೆ. ಚಾರ್ಟ್ ಪೇಪರಿಗೆ ಚಿತ್ರ ಅಂಟಿಸಿ ತರುವ ಕೆಲಸ ಈ ಸಲ ಬೇಡ. ಮನೆಯ ಅಥವಾ ಕೇರಿಯ ಒಬ್ಬ ಹಿರಿಯರ ಎದುರು ಕೂತು ಐದು ಪ್ರಶ್ನೆ ಕೇಳಿ ಬರೆದು ತರಲಿ: ನೀವು ಹುಟ್ಟಿದ ಊರು ಯಾವುದು, ಅದು ಈಗಲೂ ಇದೆಯಾ, ಅಲ್ಲಿಂದ ಹೊರಟಾಗ ಏನೇನು ತಂದಿರಿ, ಏನು ಬಿಟ್ಟು ಬಂದಿರಿ, ನಿಮ್ಮ ಶಾಲೆ ಎಲ್ಲಿತ್ತು? ಹೇಳಿದವರ ಹೆಸರು, ವಯಸ್ಸು, ತಾರೀಕು ಕೆಳಗೆ ಹಾಕಿಸಿ. ಆ ನೋಟ್‌ಬುಕ್ಕುಗಳನ್ನು ತಿದ್ದಿ ವಾಪಸು ಕೊಡಬೇಡಿ, ಶಾಲೆಯ ಬೀರುವಿನಲ್ಲಿ ಇಟ್ಟುಕೊಳ್ಳಿ.