ಅಮ್ಮನ ಬೆಳಗು: ಕಾಫಿ, ಮಾತ್ರೆ, ಎಳೆಬಿಸಿಲು ಮತ್ತು ಕೆಲವು ತಪ್ಪು ಕಲ್ಪನೆಗಳು

"ನಮಗೆ ಅಂತ ಸ್ವಲ್ಪ ಹೊತ್ತು ಸಿಗಬೇಕಾದರೆ ನಾಲ್ಕೂವರೆಗೇ ಏಳಬೇಕು ಕಣ್ರೀ." ಶಾಲೆಗೆ ಹೋಗುವ ಮಕ್ಕಳಿರುವ ತಾಯಂದಿರ ಬಾಯಲ್ಲಿ ಈ ಮಾತು ನಿಯಮವೇ ಆಗಿಬಿಟ್ಟಿದೆ. ಬ್ರಾಹ್ಮೀ ಮುಹೂರ್ತದ ಹೆಸರೂ ಅದರ ಜೊತೆ ಸೇರುತ್ತದೆ. ಆ ಹೊತ್ತಿಗೆ ಏಳುವುದರಲ್ಲಿ ತಪ್ಪೇನೂ ಇಲ್ಲ, ರಾತ್ರಿ ಒಂಬತ್ತಕ್ಕೆ ಮಲಗಿದವರಿಗೆ. ಅಡುಗೆಮನೆ ಒರೆಸಿ, ಇಡ್ಲಿಗೆ ರುಬ್ಬಿಟ್ಟು, ಸಮವಸ್ತ್ರಕ್ಕೆ ಇಸ್ತ್ರಿ ಹಾಕಿ ಹನ್ನೊಂದೂವರೆಗೆ ತಲೆ ದಿಂಬಿಗಿಟ್ಟವಳಿಗೆ ಸಿಗುವುದು ಐದೇ ಗಂಟೆಯ ನಿದ್ದೆ. ವಯಸ್ಕರಿಗೆ ಕನಿಷ್ಠ 7 ಗಂಟೆ ಬೇಕು. ನಿದ್ದೆ ಕದ್ದು ಮಾಡುವ ಯಾವ ಯೋಗಾಸನವೂ ಆ ಕೊರತೆಯನ್ನು ತುಂಬಲಾರದು. ಬೆಳಗಿನ ಆರೈಕೆಗೆ ಇನ್ನೊಂದು ಗಂಟೆ ಬೇಕಿಲ್ಲ. ಈಗ ಹೇಗಿದ್ದರೂ ಮಾಡುತ್ತಿರುವ ನಾಲ್ಕಾರು ಕೆಲಸಗಳ ಕ್ರಮ ಸರಿಯಾದರೆ ಸಾಕು.

ಆ ಕ್ರಮ ಹೆಚ್ಚು ತಪ್ಪುವುದು ಕಾಫಿಯ ಲೋಟದ ಹತ್ತಿರ. "ಮಾತ್ರೆ ತಾನೇ, ಕಾಫಿ ಜೊತೆ ನುಂಗಿದರಾಯ್ತು" ಎನ್ನುವವರು ಬಹಳ. ನೋವಿನ ಮಾತ್ರೆಗೆ ಅದು ನಡೆದೀತು, ಥೈರಾಯ್ಡ್ ಮಾತ್ರೆಗೆ ನಡೆಯದು. ಥೈರಾಯ್ಡ್ ಕೊರತೆಗೆ ಕೊಡುವ ಲೆವೊಥೈರಾಕ್ಸಿನ್ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ಒಳಗೆ ಹೋಗಬೇಕು. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿಯೂ ಬೇಡ, ತಿಂಡಿಯೂ ಬೇಡ. ಕಾಫಿ ಈ ಔಷಧ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗಳೂ ಹೀಗೇ ಅಡ್ಡಿಪಡಿಸುತ್ತವೆ. ಅವುಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಮೂರನ್ನೂ ಒಂದೇ ಡಬ್ಬಿಯಿಂದ ತೆಗೆದು ಒಟ್ಟಿಗೆ ನುಂಗಿ, "ಎಷ್ಟು ಮಾತ್ರೆ ತಗೊಂಡರೂ ಸುಸ್ತು ಹೋಗಲ್ಲ" ಎನ್ನುವ ತಾಯಂದಿರಿದ್ದಾರೆ. ಸರಳ ಉಪಾಯವಿದೆ: ಮಾತ್ರೆ ಮತ್ತು ನೀರಿನ ತಂಬಿಗೆ ಹಾಸಿಗೆಯ ಪಕ್ಕದಲ್ಲೇ ಇರಲಿ. ಎದ್ದು ಕೂತ ಕೂಡಲೇ ನುಂಗಿದರೆ, ಹಾಲು ಕಾಯಿಸಿ ಮಕ್ಕಳನ್ನು ಎಬ್ಬಿಸುವಷ್ಟರಲ್ಲಿ ಆ ಅರ್ಧ ಗಂಟೆ ತಾನಾಗಿಯೇ ಕಳೆದಿರುತ್ತದೆ.

ಕಾಫಿಯ ಇನ್ನೊಂದು ತೊಂದರೆ ತಿಂಡಿಯ ಹೊತ್ತಿನದು. ತಿಂಡಿ ಮುಗಿದ ಮೇಲೆ ಒಂದು ಲೋಟ ಕಾಫಿ ಆಗದಿದ್ದರೆ ಸಮಾಧಾನವಿಲ್ಲ ಎನ್ನುವುದು ನಮ್ಮ ಮನೆಮನೆಯ ರೂಢಿ. ಆದರೆ ರಾಗಿ, ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ಕಾಫಿ, ಚಹಾದಲ್ಲಿನ ಪಾಲಿಫಿನಾಲ್‌ಗಳು ತಡೆಯುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಇದಕ್ಕೆ ಕಾಫಿಯೊಂದೇ ಕಾರಣವಲ್ಲ. ಆದರೂ ಇಂಥ ನಾಡಿನಲ್ಲಿ ಕಾಫಿಯನ್ನು ತಿಂಡಿಯಿಂದ ಒಂದು ಗಂಟೆ ದೂರ ಇಡುವುದು ದೊಡ್ಡ ಲಾಭವೇ. ಕಾಫಿ ಬಿಡಬೇಕಿಲ್ಲ, ಅದರ ಹೊತ್ತು ಬದಲಾದರೆ ಸಾಕು.

ಬಿಸಿನೀರಿಗೆ ನಿಂಬೆ, ಜೇನು ಬೆರೆಸಿ ಕುಡಿದರೆ ಬೊಜ್ಜು ಕರಗುತ್ತದೆ ಎನ್ನುವುದು ನಿಜವಲ್ಲ. ಜೇನೂ ಸಕ್ಕರೆಯೇ. ನಿಂಬೆಯ ನಿಜವಾದ ಉಪಯೋಗ ತಟ್ಟೆಯಲ್ಲಿದೆ: ಒಲೆ ಆರಿಸಿದ ಮೇಲೆ ಅವಲಕ್ಕಿಗೋ ಕಾಳಿನ ಉಸಲಿಗೋ ಹಿಂಡಿದರೆ ಅದರ ವಿಟಮಿನ್ ಸಿ ಕಬ್ಬಿಣಾಂಶವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಆ ತಟ್ಟೆಯ ಮುಂದೆ ಅಮ್ಮ ಕೂರಬೇಕು, ಅಷ್ಟೆ. ಮಕ್ಕಳು ಬಿಟ್ಟ ಅರ್ಧ ದೋಸೆಯನ್ನು ನಿಂತಲ್ಲೇ ಬಾಯಿಗೆ ಹಾಕಿಕೊಳ್ಳುವುದನ್ನು ತಿಂಡಿ ಎಂದು ಲೆಕ್ಕ ಹಿಡಿಯಲಾಗದು.

ಎಳೆಬಿಸಿಲಿನ ವಿಷಯದಲ್ಲೂ ಒಂದು ಗೊಂದಲವಿದೆ. ಏಳು ಗಂಟೆಯ ಬಿಸಿಲಿಗೆ ನಿಂತರೆ ವಿಟಮಿನ್ ಡಿ ಸಿಗುತ್ತದೆ ಎಂದು ನಂಬಿದ್ದೇವೆ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಯುವಿ-ಬಿ ಕಿರಣಗಳು, ಸೂರ್ಯ ತಗ್ಗಿನಲ್ಲಿದ್ದಾಗ ನಮ್ಮನ್ನು ತಲುಪುವುದು ತೀರಾ ಕಡಿಮೆ. ನಮ್ಮ ನೆರಳು ನಮಗಿಂತ ಗಿಡ್ಡದಾಗುವ ಹೊತ್ತಿನಲ್ಲಿ, ಅಂದರೆ ಸುಮಾರು ಹತ್ತು ಗಂಟೆಯ ನಂತರ, ಅವು ಚೆನ್ನಾಗಿ ಸಿಗುತ್ತವೆ. ಬಟ್ಟೆ ಒಣಹಾಕುವ ಕೆಲಸವನ್ನು ಆ ಹೊತ್ತಿಗಿಟ್ಟುಕೊಂಡರೂ ಆಯಿತು. ಹಾಗೆಂದು ಬೆಳಗಿನ ಬೆಳಕು ವ್ಯರ್ಥವಲ್ಲ. ರಂಗೋಲಿ ಹಾಕುವಾಗಲೋ ತುಳಸಿಗೆ ನೀರೆರೆಯುವಾಗಲೋ ಕಣ್ಣಿಗೆ ಬೀಳುವ ಹಗಲ ಬೆಳಕು ದೇಹದ ಗಡಿಯಾರವನ್ನು ಸರಿಪಡಿಸಿ, ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ದೆ ಬರಲು ಸಹಾಯ ಮಾಡುತ್ತದೆ.

"ದಿನವಿಡೀ ಕೆಲಸ ಮಾಡ್ತೀನಲ್ಲ, ವ್ಯಾಯಾಮ ಯಾಕೆ?" ಈ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಮನೆಗೆಲಸದ ಚಟುವಟಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದರ ಜೊತೆಗೆ, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆನ್ನುತ್ತದೆ. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಬಹುದು, ಅಡುಗೆ ಕಟ್ಟೆಗೆ ಕೈಯಿಟ್ಟು ದಂಡ ತೆಗೆಯಬಹುದು.

ಇನ್ನೊಂದನ್ನು ಹೇಳಲೇಬೇಕು. "ಒಗ್ಗರಣೆ ಹಾಕಿ ಹೋಗ್ತೀನಿ, ಡಬ್ಬಿ ಕಟ್ಟಿ ಹೋಗ್ತೀನಿ" ಎಂದು ಮೂತ್ರ ತಡೆದುಕೊಳ್ಳುವುದು, ಅದಕ್ಕೆ ಹೆದರಿ ನೀರನ್ನೇ ಕುಡಿಯದಿರುವುದು, ಎರಡೂ ಮೂತ್ರನಾಳದ ಸೋಂಕಿಗೆ ದಾರಿ. ಇದನ್ನು ತಾಳ್ಮೆ ಎಂದು ಮೆಚ್ಚುವುದನ್ನು ನಾವು ನಿಲ್ಲಿಸಬೇಕು.

ಇಷ್ಟಕ್ಕೂ ಅಮ್ಮನಿಗೆ ಹೊತ್ತು ಸಿಗದಿರುವುದು ಅವಳ ಶಿಸ್ತಿನ ಕೊರತೆಯಿಂದ ಎನ್ನುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಿದ್ದರು. ಅದೇ ಕೆಲಸಕ್ಕೆ ಕೈಹಾಕುವ ಗಂಡಸರು 97 ನಿಮಿಷ. ಆದ್ದರಿಂದ ಈ ಕೋರಿಕೆ ಅಮ್ಮಂದಿರಿಗಲ್ಲ, ಮನೆಯ ಉಳಿದವರಿಗೆ: ನಾಳೆಯಿಂದ ಮಕ್ಕಳ ನೀರಿನ ಬಾಟಲಿ ತುಂಬಿಸುವುದು, ಡಬ್ಬಿ ಕಟ್ಟುವುದು ನಿಮ್ಮ ಕೆಲಸವಾಗಲಿ. ಆ ಹೊತ್ತಿನಲ್ಲಿ ಅಮ್ಮ ಕೂತು ತಿಂಡಿ ತಿನ್ನಲಿ.