ಮಾಸ್ಟರ್ ಹೋಗಿ ಮೈನ್ ಬಂತು

2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಕಪ್ಪುವರ್ಣೀಯ ಜಾರ್ಜ್ ಫ್ಲಾಯ್ಡ್ ಪ್ರಾಣ ಕಳೆದುಕೊಂಡಾಗ ಎದ್ದ ಕಿಚ್ಚು ಬೀದಿಗಳನ್ನು ದಾಟಿ ಪ್ರೋಗ್ರಾಮರ್‌ಗಳ ಪರದೆಯವರೆಗೂ ಬಂತು. ಅಲ್ಲಿ ಪ್ರಶ್ನೆಗೆ ಗುರಿಯಾದ ಪದಗಳಲ್ಲೊಂದು ಮಾಸ್ಟರ್.

ಸಾಫ್ಟ್‌ವೇರ್ ಬರೆಯುವವರು ಕೋಡ್‌ನ ಒಂದೊಂದು ತಿದ್ದುಪಡಿಯನ್ನೂ ದಾಖಲಿಸಿಡಲು ಬಳಸುವ ಸಾಧನ ಗಿಟ್. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಅದನ್ನು ಕಟ್ಟಿದರು. ಅದರಲ್ಲಿ ಪ್ರಯೋಗಗಳಿಗೆ ಬೇರೆ ಬೇರೆ ಬ್ರಾಂಚ್, ಅಂದರೆ ಕವಲು. ಒಪ್ಪಿಗೆಯಾದದ್ದೆಲ್ಲ ಬಂದು ಸೇರುವುದು ಮುಖ್ಯ ಬ್ರಾಂಚ್‌ಗೆ. ಅದರ ಹೆಸರು ಮಾಸ್ಟರ್ ಎಂದಿತ್ತು. ಮಾಸ್ಟರ್–ಸ್ಲೇವ್, ಅಂದರೆ ಒಡೆಯ–ಗುಲಾಮ ಎಂಬ ಜೋಡಿಪದ ಕಂಪ್ಯೂಟರ್ ಲೋಕದಲ್ಲಿ ಹಿಂದಿನಿಂದಲೂ ಇತ್ತು. ಆ ನೆನಪು ಹಲವರನ್ನು ಚುಚ್ಚಿತು. ಗಿಟ್‌ನಲ್ಲಿ ಗುಲಾಮನೇ ಇಲ್ಲವಲ್ಲ ಎಂದು ವಾದಿಸಿದವರೂ ಇದ್ದರು. ಆದರೂ ನೊಂದವರ ಮಾತಿಗೆ ಕಿವಿಗೊಟ್ಟದ್ದೇ ಸರಿ. 2020ರ ಜುಲೈನಲ್ಲಿ ಬಂದ ಗಿಟ್ 2.28 ಆವೃತ್ತಿ ಹೆಸರಿನ ಆಯ್ಕೆಯನ್ನು ಬಳಕೆದಾರರಿಗೇ ಬಿಟ್ಟಿತು. ಅದೇ ವರ್ಷದ ಅಕ್ಟೋಬರ್ 1ರಿಂದ, ಗಿಟ್ ಕೋಡ್ ಇಡುವ ಜಾಲತಾಣ ಗಿಟ್‌ಹಬ್‌ನ ಹೊಸ ರೆಪೊಸಿಟರಿಗಳ (ಕೋಡ್ ಸಂಗ್ರಹಗಳ) ಮುಖ್ಯ ಬ್ರಾಂಚ್‌ಗೆ ಮೈನ್ ಎಂಬ ಹೆಸರು ಬಂತು.

ಹಳೆಯ ರೆಪೊಸಿಟರಿಗಳಲ್ಲೂ ಹೆಸರು ಬದಲಿಸಬಹುದು. ಬ್ರಾಂಚ್ ಎಂದರೆ ಸಾಮಾನ್ಯವಾಗಿ ಒಂದು ಪುಟ್ಟ ಫೈಲ್. ಒಳಗಿರುವುದು 40 ಅಕ್ಷರ–ಅಂಕಿಗಳ ಒಂದೇ ಸಾಲು, ಕೊನೆಯ ಕಮಿಟ್‌ನ, ಅಂದರೆ ಕೊನೆಯದಾಗಿ ದಾಖಲಾದ ತಿದ್ದುಪಡಿಯ ಗುರುತು. ಬ್ರಾಂಚ್‌ನ ಹೆಸರು ಬದಲಾದರೂ ಕೋಡ್‌ನ ಇತಿಹಾಸ ಒಂದಿಷ್ಟೂ ಅಲುಗಾಡದು.

ತೊಡಕಿರುವುದು ಸುತ್ತಮುತ್ತ. ಸರ್ವರ್‌ನಲ್ಲಿ ಹೆಸರು ಬದಲಾದರೂ ಸಹೋದ್ಯೋಗಿಗಳ ಲ್ಯಾಪ್‌ಟಾಪ್‌ಗಳಲ್ಲಿ ಹಳೆಯದೇ ಉಳಿದಿರುತ್ತದೆ. ಯಾರಾದರೂ ಅಭ್ಯಾಸಬಲದಿಂದ ಆ ಹಳೆಯ ಬ್ರಾಂಚನ್ನು ಪುಶ್ ಮಾಡಿದರೆ, ಅಂದರೆ ಸರ್ವರ್‌ಗೆ ಕಳಿಸಿದರೆ, ಅಳಿಸಿದ ಮಾಸ್ಟರ್ ಮತ್ತೆ ಎದ್ದು ಕೂರುತ್ತದೆ. ತಾನಾಗಿ ನಡೆಯುವ ಪರೀಕ್ಷೆಯ ಸ್ಕ್ರಿಪ್ಟ್‌ಗಳೂ ಹಳೆಯ ಹೆಸರನ್ನೇ ಹುಡುಕಿ ಕೈಚೆಲ್ಲುತ್ತವೆ. ಆದ್ದರಿಂದ ಹೊಸ ಬ್ರಾಂಚನ್ನು ಸರ್ವರ್‌ಗೆ ಕಳಿಸಿ, ಅದನ್ನೇ ಮುಖ್ಯವೆಂದು ಗೊತ್ತುಮಾಡಿ, ಸ್ಕ್ರಿಪ್ಟ್‌ಗಳನ್ನು ತಿದ್ದಿ, ತಂಡದವರಿಗೆಲ್ಲ ತಿಳಿಸಿದ ಮೇಲೆಯೇ ಹಳೆಯದನ್ನು ಅಳಿಸಬೇಕು.