ದೊಡ್ಡಜ್ಜನ ಜೈಲುವಾಸದ ಲೆಕ್ಕ

ನಮ್ಮ ಸಂಘದಲ್ಲಿ ಉತ್ತರ ಕನ್ನಡದ ಕಡೆಯವರು ಕೆಲವರಾದರೂ ಇದ್ದೇವೆ. ನಮ್ಮೂರುಗಳಲ್ಲಿ ‘ಜೈಲಿಗೆ ಹೋಗಿ ಬಂದವರು’ ಎಂದರೆ ಮರ್ಯಾದೆಯ ಮಾತು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದರು. ಮುಂದೆ ಕಾಡಿನ ಸತ್ಯಾಗ್ರಹ ಬಂತು, ಕರನಿರಾಕರಣೆ ಬಂತು. ರೈತರು ಭೂಮಿ ಕಳೆದುಕೊಂಡರು.

ನಮ್ಮ ದೊಡ್ಡಜ್ಜನೂ ಆಗ ಜೈಲು ಕಂಡವರೇ. ಆದರೆ ವರ್ಷದ ಶಿಕ್ಷೆಯಾದವರು ನಾಲ್ಕೇ ತಿಂಗಳಲ್ಲಿ ಮನೆಗೆ ಬಂದರು. ‘ಮಾಫಿ ಬರೆದುಕೊಟ್ಟು ಬಂದನಂತೆ’ ಎಂದು ಕೇರಿಯಲ್ಲಿ ಗುಸುಗುಸು ಹುಟ್ಟಿತು. 1972ರಲ್ಲಿ ಕೇಂದ್ರ ಸರಕಾರ ಸ್ವಾತಂತ್ರ್ಯ ಯೋಧರಿಗೆ ಪಿಂಚಣಿ ತಂದಾಗ ಅವರಿಗೆ ಅದು ಸಿಗಲಿಲ್ಲ. ಗುಸುಗುಸು ಗಟ್ಟಿಯಾಯಿತು. ದೊಡ್ಡಜ್ಜ ಏನೂ ಆಡದೆ ತೀರಿಕೊಂಡರು. ಅವರ ಮಗಳು, ನಮ್ಮ ಅತ್ತೆ, ಎಂಬತ್ತು ದಾಟಿದ ಮೇಲೂ ಆ ಮಾತನ್ನು ಹೊತ್ತುಕೊಂಡೇ ಇದ್ದರು.

ಮವಾಲೇಹ್‌ನಲ್ಲಿ ಕುಳಿತು ಇದನ್ನು ಬಿಡಿಸುವುದು ಹೇಗೆ? ಶುಕ್ರವಾರ ಶುಕ್ರವಾರ ಊರಿಗೆ ಫೋನು ಹಚ್ಚಿದೆವು. ಮನೆಯ ಹಳೇ ಪೆಟ್ಟಿಗೆಯಲ್ಲಿ ಹಿಂಡಲಗಾ ಜೈಲಿನ ಬಿಡುಗಡೆ ಚೀಟಿ ಸಿಕ್ಕಿತು. ಅಣ್ಣನ ಮಗ ಅದರ ಫೋಟೋ ಕಳಿಸಿದ. ಬಿಟ್ಟದ್ದು 1931ರ ಮಾರ್ಚ್. ಅದೇ ಮಾರ್ಚ್ 5ರಂದು ಗಾಂಧಿ–ಇರ್ವಿನ್ ಒಪ್ಪಂದವಾಗಿತ್ತು. ಹಿಂಸೆಯ ಆಪಾದನೆಯಿಲ್ಲದ ಸತ್ಯಾಗ್ರಹಿಗಳನ್ನು ಬಿಡಬೇಕೆಂಬುದು ಅದರ ಒಂದು ಕರಾರು. ದೊಡ್ಡಜ್ಜನ ಜೊತೆಗೇ ಸೆರೆಯಾದ ಇನ್ನಿಬ್ಬರ ಮನೆಗಳಲ್ಲಿ ವಿಚಾರಿಸಿದೆವು. ಅವರೂ ಅದೇ ವಾರ ಬಿಡುಗಡೆಯಾದವರು! ಒಬ್ಬರು ಮಾತ್ರ 1932ರಲ್ಲಿ ಮತ್ತೆ ಜೈಲಿಗೆ ಹೋದದ್ದರಿಂದ ಮುಂದೆ ಪಿಂಚಣಿಗೆ ಅರ್ಹರಾದರು. ಪಿಂಚಣಿಗೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ಸೆರೆವಾಸ ಬೇಕು. ದೊಡ್ಡಜ್ಜನ ಲೆಕ್ಕ ನಾಲ್ಕಕ್ಕೇ ನಿಂತಿತ್ತು. ಮಾಫಿಯ ಮಾತಿಗೆ ಇದರಲ್ಲಿ ಎಡೆಯೇ ಇಲ್ಲ.

ಅತ್ತೆಗೆ ಫೋನಿನಲ್ಲಿ ಓದಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದನ್ನು ಕಾಗದದ ಮೇಲೆ ದೊಡ್ಡಕ್ಷರದಲ್ಲಿ ಬರೆದು ಕಳಿಸಿ, ಬಂದವರಿಗೆ ತೋರಿಸುತ್ತೇನೆ’ ಎಂದರು.

ಹೀಗೆ ಹುಡುಕಬೇಕೆನ್ನುವ ಸದಸ್ಯ ಬಂಧುಗಳಿಗೆ ಒಂದೆರಡು ಸೂಚನೆಗಳು. ಇಂದಿನ ಜಿಲ್ಲೆಯನ್ನು ನೋಡಬೇಡಿ, ಅಂದಿನ ಸರಕಾರ ಯಾವುದೆಂದು ಮೊದಲು ನೋಡಿ. ಅಂಕೋಲೆ, ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಲ್ಲಿಯವರು ಹಿಂಡಲಗಾದಲ್ಲಷ್ಟೇ ಅಲ್ಲ, ಯರವಡಾ, ವಿಸಾಪುರಗಳಲ್ಲೂ ಇದ್ದಿರಬಹುದು. ಮಂಗಳೂರು, ಕಾಸರಗೋಡಿನವರು ಮದ್ರಾಸು ಪ್ರಾಂತದವರಾದ್ದರಿಂದ ಕಣ್ಣೂರು ಜೈಲನ್ನು ಮರೆಯಬಾರದು. ಶಿವಮೊಗ್ಗೆಯವರಿಗೆ ಮೈಸೂರು ಸಂಸ್ಥಾನ, ಕಲಬುರ್ಗಿಯವರಿಗೆ ನಿಜಾಮರ ಹೈದರಾಬಾದು. 1956ರ ಏಕೀಕರಣದಲ್ಲಿ ಇವುಗಳಲ್ಲಿ ಹೆಚ್ಚಿನ ಊರುಗಳು ಒಂದಾದವು. ಹಳೆಯ ಕಡತಗಳು ಮಾತ್ರ ಹಲವು ಊರುಗಳಲ್ಲಿ ಹಂಚಿಹೋಗಿವೆ. ಬೆಂಗಳೂರಿನ ಪತ್ರಾಗಾರದಲ್ಲಿ ಸಿಗದಿದ್ದರೆ ಮುಂಬಯಿಯಲ್ಲೋ ಚೆನ್ನೈಯಲ್ಲೋ ಕೇಳಬೇಕಾದೀತು.

ಇನ್ನೊಂದು ಮಾತು. ಸಾಮಾನ್ಯ ರೈತರನ್ನು ಹೆಚ್ಚಾಗಿ ‘ಸಿ’ ವರ್ಗದಲ್ಲಿ ಇಡುತ್ತಿದ್ದರು. ಪುಢಾರಿಗಳಂತೆ ಪತ್ರ, ದಿನಚರಿ ಬರೆಯುವ ಅನುಕೂಲ ಅವರಿಗಿರಲಿಲ್ಲ. ಆದ್ದರಿಂದ ಸಣ್ಣ ಚೀಟಿಯನ್ನೂ ಎಸೆಯಬೇಡಿ. ಸಲ ರಜೆಗೆ ಹೋದಾಗ ಹಿರಿಯರಲ್ಲಿ ಮೂರೇ ಪ್ರಶ್ನೆ ಕೇಳಿ: ಯಾವ ಜೈಲು, ಯಾವ ಮಳೆಗಾಲದ ಹಿಂದೆ ಮುಂದೆ, ಜೊತೆಗಿದ್ದವರು ಯಾರು. ಮೂರನೆಯ ಪ್ರಶ್ನೆಯೇ ನಮ್ಮನ್ನು ದಡ ಸೇರಿಸಿದ್ದು.